ಮಣ್ಣಿನ ಹುಳುವಿಗೆ ಸೊಪ್ಪು ಹಾಕಿದ್ದು

ಮೊಮ್ಮಕ್ಕಳೇ, ಹರ್ಷಿತಾ, ಲಾವಣ್ಯಾ, ಮನೆಯ ಮಕ್ಕಳು ಮುಂದೆ ಏನು ಓದಬೇಕೆಂಬ ಮಾತು ಮನೆಯಲ್ಲಿ ಶುರುವಾದಾಗ ಮುದುಕರು ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿಬಿಡುವುದು ಮೇಲು. ನಾನು ಯಾವಾಗಲೂ ಹಾಗೇ ಮಾಡಿದವಳು. ನನ್ನಂಥ ಸಂಕೋಚದ ಹೆಂಗಸಿಗೆ ಅಡುಗೆಮನೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಅಲ್ಲಿಗೆ ಎಲ್ಲವೂ ಕೇಳಿಸುತ್ತದೆ, ಆದರೆ ಯಾರೂ ನಿನ್ನ ಅಭಿಪ್ರಾಯವೇನು ಎಂದು ಕೇಳುವುದಿಲ್ಲ. ನಿಮ್ಮ ತಾತ ಬೋರ್‌ವೆಲ್ ಕೊರೆಸುವ ತೀರ್ಮಾನವನ್ನೂ, ನಿಮ್ಮಪ್ಪನಿಗೆ ಹೆಣ್ಣು ಗೊತ್ತುಮಾಡಿದ ತೀರ್ಮಾನವನ್ನೂ ನಾನು ಒಗ್ಗರಣೆಯ ಸದ್ದಿನ ನಡುವೆಯೇ ಕೇಳಿಸಿಕೊಂಡೆ. ಎರಡೂ ಚೆನ್ನಾಗಿಯೇ ಆದವು. ನಾನು ಬಾಯಿ ಹಾಕದೆ ಇದ್ದುದರಿಂದಲೇ ಇರಬಹುದು.

ಹರ್ಷಿತಾ, ಪಿಯುಸಿ ಮುಗಿಸಿದ ನೀನು ಅನಿಮೇಶನ್ ಓದುತ್ತೇನೆ ಎಂದಾಗಲೂ ನಾನು ಒಳಗೆ ಮುದ್ದೆ ತಿರುವುತ್ತಿದ್ದೆ.

"ಬೊಂಬೆ ಆಡ್ಸೋಕೂ ಡಿಗ್ರಿ ಬೇಕೇನಮ್ಮಾ? ಸುಮ್ನೆ ಬಿ.ಕಾಂ. ಮಾಡ್ಕೊ, ಬ್ಯಾಂಕ್ ಪರೀಕ್ಷೆ ಬರಿ" ಎಂದ ನಿಮ್ಮಪ್ಪ.

"ಬೊಂಬೆ ಅಲ್ಲಪ್ಪಾ. ಜಾಹೀರಾತು, ಗೇಮು, ಸ್ಕೂಲಿನ ಪಾಠದ ವಿಡಿಯೋ, ಡಾಕ್ಟ್ರು ಆಪರೇಷನ್ ಹೆಂಗೆ ಮಾಡ್ತಾರೆ ಅಂತ ತೋರ್ಸೋದು, ಎಲ್ಲಾದಕ್ಕೂ ಅನಿಮೇಶನ್ ಬೇಕು."

"ನಮ್ ಫ್ಯಾಕ್ಟ್ರಿಗೆ ಬೇಡ."

ತಾನು ಕೆಲಸ ಮಾಡುವ ಕುಡುಮಲಕುಂಟೆಯ ಫ್ಯಾಕ್ಟರಿಗೆ ಬೇಡವಾದದ್ದು ಲೋಕಕ್ಕೇ ಬೇಡ ಎಂಬುದು ನಿಮ್ಮಪ್ಪನ ನಂಬಿಕೆ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಸಂಜೆ ನಮ್ಮೂರು ಮೇಲೂರಿಗೆ ಬರುವ ಅವನಿಗೆ ಲೋಕವನ್ನು ಬೇರೆ ಕಡೆಯಿಂದ ನೋಡಲು ಪುರುಸೊತ್ತೂ ಇರಲಿಲ್ಲವೆನ್ನಿ. ಕೊನೆಗೊಂದು ಒಪ್ಪಂದವಾಯಿತು. ಬೆಂಗಳೂರಿನ ಕಾಲೇಜಿನವರು ನೀನು ಬರೆದ ಚಿತ್ರಗಳ ಜೊತೆಗೆ ನೀನೇ ತಯಾರಿಸಿದ ಒಂದು ನಿಮಿಷದ ಸಿನಿಮಾವನ್ನೂ ಕೇಳಿದ್ದರು. ಸೋಮವಾರ ಅದನ್ನು ಕಳಿಸಬೇಕು. ಅದಕ್ಕೆ ಮುಂಚೆ, ಶನಿವಾರ ಸಂಜೆ ಅಪ್ಪನಿಗೆ ತೋರಿಸಬೇಕು. ಅವನಿಗೆ ಏನಾದರೂ ಅನ್ನಿಸಿದರೆ ಬೆಂಗಳೂರು, ಏನೂ ಅನ್ನಿಸದಿದ್ದರೆ ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ.

ಸಿನಿಮಾಕ್ಕೆ ನೀನು ಆರಿಸಿಕೊಂಡ ಜಾಗ ನಮ್ಮ ಹಿತ್ತಲಿನ ಹುಳುಮನೆ. ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ಅಟ್ಟದಿಂದ ಹಳೆಯ ಬಿದಿರಿನ ತಟ್ಟೆಯನ್ನು ಇಳಿಸಿ, ಜೇಡಿಮಣ್ಣಿನಲ್ಲಿ ಹುಳು ಮಾಡಿ, ಪಕ್ಕದ ತೋಟದಿಂದ ಹಿಪ್ಪುನೇರಳೆ ಸೊಪ್ಪು ತಂದು ಹರಡಿದೆ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿದೆ. ಒಂದು ಫೋಟೋ ತೆಗೆಯುವುದು, ಹುಳುವನ್ನು ಎಳ್ಳುಕಾಳಿನಷ್ಟು ಸರಿಸುವುದು, ಎಲೆಯ ಅಂಚನ್ನು ಕತ್ತರಿಯಲ್ಲಿ ಒಂಚೂರು ಕತ್ತರಿಸುವುದು, ಮತ್ತೆ ಫೋಟೋ. ಎಲ್ಲವನ್ನೂ ಸೇರಿಸಿ ಓಡಿಸಿದರೆ ಹುಳು ಹರಿದಾಡಿ ಮೇಯ್ದಂತೆ ಕಾಣುತ್ತದಂತೆ. ಒಂದು ಸೋಮಾರಿ ಹುಳು ಎಲ್ಲರೂ ತಿಂದಾದ ಮೇಲೆ ಬಂದು ಬಾಡಿದ ಎಲೆಯ ಮುಂದೆ ಕೂರುವುದು ಕಥೆ. ಎಲೆ ಬಾಡುವುದೂ ಕಥೆಗೆ ಸೇರಿದ್ದು ಎಂದು ನೀನು ನನಗೆ ಹೇಳಿದ್ದೆ. ನಾನು ತಲೆಯನ್ನೂ ಆಡಿಸಿದ್ದೆ.

ಆ ಶನಿವಾರ ಮಧ್ಯಾಹ್ನ ನೀನು ಊಟಕ್ಕೆ ಬಂದಾಗ ನಾನು ಹುಳುಮನೆಯ ಕಡೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ, ಕೈತೊಳೆದೆ. ತಟ್ಟೆ ನೋಡಿದರೆ ಸೊಪ್ಪು ಬಾಡಿ ಮುದುರಿದೆ, ಹುಳುಗಳು ಒಂದರ ಮೇಲೊಂದು ಒತ್ತಾಗಿವೆ. ಬಾಡಿದ್ದನ್ನೆಲ್ಲ ತೆಗೆದೆ. ಹುಳುಗಳನ್ನು ಬೆರಳ ತುದಿಯಲ್ಲಿ ಎತ್ತಿ ಬಿಡಿಬಿಡಿಯಾಗಿ ಇಟ್ಟೆ. ತೋಟಕ್ಕೆ ಹೋಗಿ ಹೊಸ ಸೊಪ್ಪು ತಂದು ಹಾಕಿದೆ. ಬಾಗಿಲು ಮುಂದೆ ಮಾಡಿಕೊಂಡು ಬಂದು, ಒಂದು ಕೆಲಸ ಮುಗಿಯಿತೆಂದು ನೆಮ್ಮದಿಯಾಗಿ ಮಲಗಿದೆ.

ಎದ್ದಾಗ ನೀನು ಅಳುತ್ತಿದ್ದೆ. ಲಾವಣ್ಯ ನಾನು ಕೈಯಾಡಿಸಿದ ತಟ್ಟೆಯ ಫೋಟೋವನ್ನೂ ತೆಗೆದು, ಮುಂಚಿನವುಗಳ ಜೊತೆ ಸೇರಿಸಿ ಓಡಿಸಿ, ಮೊಬೈಲ್ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ಸಿನಿಮಾದಲ್ಲಿ ಹುಳುಗಳು ಮೆಲ್ಲಗೆ ಮೇಯುತ್ತಾ ಮೇಯುತ್ತಾ ಹೋಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿಬಿಟ್ಟಿದ್ದವು. ಅವುಗಳ ಮೇಲೆ ರಾಶಿ ಹಸಿರು ಸೊಪ್ಪು.

"ಅಕ್ಕಾ, ಹುಳುಗಳಿಗೆ ದೇವ್ರು ಪ್ರತ್ಯಕ್ಷ ಆಗ್ಬಿಟ್ಟ ಕಣೇ!" ಎಂದಳು ಲಾವಣ್ಯ.

ಅದೇ ಹೊತ್ತಿಗೆ ನಿಮ್ಮಪ್ಪ ಬ್ಯಾಗು ಹೊತ್ತು ಒಳಗೆ ಬಂದ. ಅಡುಗೆಮನೆಗೆ ಹೋಗೋಣವೆಂದರೆ ದಾರಿಯಲ್ಲಿ ಅವನೇ ನಿಂತಿದ್ದ. ಮೊಬೈಲ್ ಇಸಿದುಕೊಂಡು ಸಿನಿಮಾ ನೋಡಿದ. ಹುಳುಮನೆಗೆ ಹೋಗಿ ತಟ್ಟೆಯನ್ನು ನೋಡಿಕೊಂಡು ಬಂದ.

"ಅಮ್ಮಾ, ಅವು ಮಣ್ಣಿನವು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತಪ್ಪಾ."

"ಮತ್ಯಾಕೆ ಸೊಪ್ಪು ಹಾಕ್ದೆ?"

"ಬಾಡಿತ್ತು."

ಅವನು ನನ್ನನ್ನೇ ನೋಡಿದ. ಹುಳುಮನೆಯಲ್ಲೇ ಹುಟ್ಟಿ ಬೆಳೆದವನು ಅವನೂ. ಮೊಬೈಲನ್ನು ನಿನ್ನ ಕೈಗೆ ಕೊಟ್ಟು, "ಇಷ್ಟು ವರ್ಷ ಹುಳ ಸಾಕ್ದೋಳೇ ಮಣ್ಣು ಅಂತ ಗೊತ್ತಿದ್ದೂ ಸೊಪ್ಪು ಹಾಕಿದ್ದಾಳೆ ಅಂದ್ರೆ ಇದ್ರಲ್ಲಿ ಏನೋ ಐತೆ. ನಾಳೆ ಇನ್ನೊಂದ್ಸಲ ಮಾಡಮ್ಮಾ. ಬೆಂಗ್ಳೂರಿಗೇ ಸೇರ್ಕೊಳ್ಳುವಂತೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀನು ಮಾತ್ರ ನಾಳೆ ಪೂರ್ತಿ ನನ್ ಕಣ್ಮುಂದೇನೇ ಇರ್ಬೇಕು" ಎಂದ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಅವನೆದುರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಸೋಮವಾರ ಸಿನಿಮಾ ಹೋಯಿತು, ನಿನಗೆ ಸೀಟು ಸಿಕ್ಕಿತು.

ಸುದ್ದಿ ಹರಡಿದ್ದು ಮಾತ್ರ ಬೇರೆ ಥರ. ಹುಡುಗಿಗೆ ಸೀಟು ಕೊಡಿಸಿದ್ದು ಅಜ್ಜಿಯಂತೆ! ಮೊನ್ನೆ ಶಿಡ್ಲಘಟ್ಟದಿಂದ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ ಮನೆಯ ಶಬಾನಾ ಬಂದಿದ್ದಳು. "ಅಜ್ಜೀ, ನಮ್ ಹುಡುಗಿ ಮೆಹೆಂದಿ ಭಾಳ ಚೆನ್ನಾಗಿ ಹಾಕ್ತಾಳೆ. ಈ ಕೋರ್ಸ್‌ಗೆ ಸೇರಿಸ್ಬೋದಾ?" ಎಂದು ಕೇಳಿದಳು. ನಾನು ಸೆರಗು ಸರಿಮಾಡಿಕೊಂಡು, "ದಿನಾ ಚಿತ್ರ ಬರೀಲಿ. ಜನ ಹೆಂಗೆ ನಡೀತಾರೆ, ಹೆಂಗೆ ಕೂರ್ತಾರೆ ನೋಡ್ಲಿ. ಮಾಡಿದ್ದನ್ನೆಲ್ಲ ಒಂದ್ಕಡೆ ಸೇರ್ಸಿಡ್ಲಿ, ಕಾಲೇಜಿನೋರು ಮೊದ್ಲು ಅದನ್ನೇ ಕೇಳೋದು. ಕಂಪ್ಯೂಟರ್ ಆಮೇಲೆ ಬರುತ್ತೆ" ಎಂದೆ. ಎಲ್ಲ ನೀನು ಅಪ್ಪನಿಗೆ ಹೇಳುವಾಗ ಒಳಗಿನಿಂದ ಕೇಳಿಸಿಕೊಂಡದ್ದೇ. ಅವಳು ಕೈಮುಗಿದು ಹೋದಳು. ಅವಳ ಹಿಂದೆಯೇ ಇನ್ನಿಬ್ಬರು ಬಂದರು.

ನನ್ನ ಸಲಹೆ ಕೇಳಿ ಹಾಳಾದವರು ಇನ್ನೂ ಯಾರೂ ಇಲ್ಲ. ಯಾರ ಕೋರ್ಸೂ ಇನ್ನೂ ಮುಗಿದಿಲ್ಲ, ಅಷ್ಟೇ. ಅದಕ್ಕೇ ಹೇಳುತ್ತೇನೆ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಮುಂದೆ ಯಾರಾದರೂ ಜಗಳಕ್ಕೆ ಬಂದರೆ, ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಎಂದು ನಾನೇ ಕೈಯಾರೆ ಬರೆದದ್ದನ್ನು ತೋರಿಸಬಹುದು.