ಎಲ್ಲ ಮೃಗಕ್ಕೂ ಒಂದೇ ಬೋರ್

ಸರ್ಕಾರಿ ಅರ್ಜಿ ತಯಾರಿಸುವವರ ಮೇಲೆ ನನಗೆ ಬಹಳ ಸಿಟ್ಟಿದೆ. ಹೆಸರು, ತಂದೆಯ ಹೆಸರು, ವಯಸ್ಸು, ಹೊಲದ ಸರ್ವೆ ನಂಬರ್ ಎಂದು ಒಳ್ಳೆಯವರಂತೆ ಕೇಳುತ್ತ ಹೋಗಿ, ಒಂಬತ್ತನೇ ಕಾಲಮಿನಲ್ಲಿ ಇದ್ದಕ್ಕಿದ್ದಂತೆ ‘ಬಂದೂಕಿನ ಬೋರ್ (ನಳಿಗೆಯ ಅಳತೆ) ಯಾವುದು’ ಎಂದು ಕೇಳಿಬಿಟ್ಟರೆ ಮನುಷ್ಯ ಏನು ಮಾಡಬೇಕು? ಎಂಟು ಕಾಲಮು ಎಂಟು ನಿಮಿಷದಲ್ಲಿ ತುಂಬಿದ ನಾನು ಒಂಬತ್ತನೆಯದಕ್ಕೆ ನಾಲ್ಕು ತಿಂಗಳು ತೆಗೆದುಕೊಂಡೆ. ಅಷ್ಟರಲ್ಲಿ ನೆಲೋಗಿಯ ಜನ ನನ್ನನ್ನು ‘ಬಂದೂಕಿನ ಶಾಂತಲಿಂಗಪ್ಪ’ ಎಂದು ಕರೆಯತೊಡಗಿದ್ದರು. ಬಂದೂಕು ಮಾತ್ರ ಇನ್ನೂ ಬಂದಿರಲಿಲ್ಲ.

ಎಂಬತ್ತೊಂದನೇ ಇಸವಿಯ ಮಳೆಗಾಲದಲ್ಲಿ ಕಾಡುಹಂದಿಗಳು ನಮ್ಮ ಶೇಂಗಾ ಹೊಲಕ್ಕೆ ನುಗ್ಗಿ, ನೇಗಿಲಿಲ್ಲದೆ ಉತ್ತು ಹೋದವು. ಬೆಳೆ ಕಾಯುವುದಕ್ಕೆ ಅರ್ಜಿ ಹಾಕಿದರೆ ಬಂದೂಕಿನ ಲೈಸನ್ಸ್ ಸಿಗುತ್ತದೆ ಎಂದು ಆಗ ತಿಳಿಯಿತು. ಅಫಜಲಪುರ ಕಡೆ ಗೊಬ್ಬೂರದಲ್ಲಿರುವ ನನ್ನ ಹೆಂಡತಿಯ ತಮ್ಮ ಹಣಮಂತರಾಯನಿಗೆ ಅಂಥ ಒಂದು ಬಾರಾ ಬೋರ್, ಅಂದರೆ ಹನ್ನೆರಡರ ಬಂದೂಕು ಇದೆ. ನಮ್ಮ ಮನೆಗೆ ಬಂದಾಗಲೆಲ್ಲ ಅವನು ತಾಟಿನ ಸುತ್ತ ರೊಟ್ಟಿಯ ಚೂರುಗಳನ್ನು ಹಂದಿಗಳಂತೆ ಸಾಲಾಗಿ ಇಟ್ಟು, ಒಂದೊಂದನ್ನೂ ಹೇಗೆ ಓಡಿಸಿದೆನೆಂದು ತೋರಿಸುತ್ತಾನೆ. (ರೊಟ್ಟಿ ನಮ್ಮವು.) ಅವನೆದುರಿಗೆ ನಾನು ಎದೆ ತಟ್ಟಿ ಹೇಳಿಬಿಟ್ಟಿದ್ದೆ: “ಈ ಜ್ವಾಳ ಕೊಯ್ಯೋದ್ರಾಗ ನಮ್ಮನ್ಯಾಗೂ ಬಂದೂಕು ಬರ್ತದ, ಅದೂ ನಿನ್ನದರಂಥಾದ್ದಲ್ಲ.” ನನ್ನ ಇಜ್ಜತ್ತು ಆ ದಿನದಿಂದ ಒಂಬತ್ತನೇ ಕಾಲಮಿನಲ್ಲಿ ಸಿಕ್ಕಿಕೊಂಡಿತು.

ಲೈಸನ್ಸಿಗೆ ಬಂದೂಕು ಒಂದೇ. ಮೃಗಗಳೋ ಹಲವು. ಹಂದಿಯ ಚರ್ಮ ದಪ್ಪ, ಚಿಗರಿ ದೂರದಲ್ಲೇ ನೆಗೆದು ಹೋಗುತ್ತದೆ, ತೋಳ ಯಾವ ದಿಕ್ಕಿನಿಂದ ಬರುತ್ತದೋ ಹೇಳಲಾಗದು. ಇವೆಲ್ಲಕ್ಕೂ ಒಗ್ಗುವ ಒಂದೇ ಒಂದು ಸರ್ವಮೃಗಸಂಹಾರಕ ಬೋರ್ ಯಾವುದು? ಕೂತರೆ ಅದೇ, ನಿಂತರೆ ಅದೇ. ಬೆಳಿಗ್ಗೆ ಅರ್ಜಿ ತೆಗೆದು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ, ಮಧ್ಯಾಹ್ನ ಅಳಿಸುತ್ತಿದ್ದೆ, ಸಂಜೆಗೆ ಅಂಗಳದ ಉದ್ದಗಲ ಅಳೆಯುತ್ತಿದ್ದೆ.

“ಒಂದ್ ಕಡಿ ಕೂಡ್ರಿ ಅಂತೇನಿ. ನಿಮ್ಮ ಕಾಲಾಗ ಸೆಗಣಿ ಬಳದ ಅಂಗಳ ಎಲ್ಲಾ ಹಾಳಾತು” ಎಂದಳು ನನ್ನ ಹೆಂಡತಿ ಕಸ್ತೂರಿಬಾಯಿ.

“ನಿನಗ ತಿಳಿಯಂಗಿಲ್ಲ ಬೇ. ಬೋರ್ ಸಣ್ಣದಾದ್ರ ಹಂದಿಗಿ ತಾಕಂಗಿಲ್ಲ, ದೊಡ್ಡದಾದ್ರ ಚಿಗರಿ ಚೂರೂ ಉಳ್ಯಂಗಿಲ್ಲ.”

“ಕೊಳ್ಳಾಗ ಲಿಂಗ ಕಟ್ಕೊಂಡವ್ರು, ಇರವಿ ತುಳದ್ರ ಶಿವಶಿವ ಅಂತೀರಿ. ನೀವು ಹಂದಿ ಹೊಡಿತೀರೇನ್ರಿ?”

“ಹೊಡಿಯಂಗಿಲ್ಲ. ಹೆದರಸ್ತೇನಿ.”

“ಹೆದರಸಾಕ ಯಾವ ಬೋರ್ ಆದ್ರೇನ್ರಿ?”

ಹೆಂಗಸರಿಗೆ ಶಸ್ತ್ರವಿದ್ಯೆಯ ಸೂಕ್ಷ್ಮ ಹೇಳಿ ಪ್ರಯೋಜನವಿಲ್ಲ ಎಂದುಕೊಂಡು ನಾನು ಜೇವರ್ಗಿಯ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಚಾಂದಪಾಶಾ ಇದ್ದಾನೆ. ನಿಜಾಮರ ಕಾಲದಲ್ಲಿ ಜಾಗೀರದಾರರ ಜೊತೆ ಶಿಕಾರಿಗೆ ಹೋಗಿ ಬಂದವನು, ಈಗ ಸ್ಟೋ ರಿಪೇರಿ ಮಾಡುತ್ತಾನೆ. ಆ ನಾಲ್ಕು ತಿಂಗಳಲ್ಲಿ ನಾನು ಅವನ ಅಂಗಡಿಯಲ್ಲಿ ಕೂತಷ್ಟು ಅವನೂ ಕೂತಿರಲಿಕ್ಕಿಲ್ಲ.

“ಬಾರಾ ಬೋರ್ ತಗೋರಿ ಗೌಡ್ರ. ಸಣ್ಣ ಕಾಳಿನ ಛರ್ರಾ ಹಾಕಿದ್ರ ಹಕ್ಕಿಗಿ, ಗುಂಡು ಹಾಕಿದ್ರ ಹಂದಿಗಿ. ಮಾತು ಖತಂ” ಎಂದ.

“ಬಾರಾ ಬೋರ್ ಹಣಮಂತರಾಯನ ಹತ್ತಿರ ಅದ.”

“ಹಂಗಾದ್ರ ತೀನ್ ಸೌ ಪಂದ್ರಾ ರೈಫಲ್.”

“ಅದು ಹುಲಿಗಿ ಸಾಕಾಗ್ತದೇನು?”

ಚಾಂದಪಾಶಾ ಸ್ಟೋವಿನ ಪಿನ್ನು ಕೆಳಗಿಟ್ಟ. “ನೆಲೋಗ್ಯಾಗ ಹುಲಿ ಎಲ್ಲದರಿ?”

“ಬಂದ್ರ?”

“ಬಂದ್ರ ಬಸ್ಸಿನ್ಯಾಗ ಬರಬೇಕು. ಇನ್ನ ಚಿಗರಿ ಮಾತು ಬಿಡ್ರಿ, ಕಾಯ್ದೆ ಆಗ್ಯಾದ, ಕೈ ಹಚ್ಚಿದ್ರ ಸೀದಾ ಜೈಲು. ಉಳಿದದ್ದು ಹಂದಿ ಒಂದೇ. ಅದೂ ಸಾಹೇಬ್ರು ಹೂಂ ಅಂದ್ಮ್ಯಾಲೆ.”

ಅಷ್ಟು ಕಷ್ಟಪಟ್ಟು ಪಟ್ಟಿ ಮಾಡಿದ ನನ್ನ ಮೃಗಗಳನ್ನು ಒಂದೇ ಉಸಿರಿಗೆ ಕಡಿಮೆ ಮಾಡಿಬಿಟ್ಟ. ನನಗೆ ಬೇಜಾರಾಗಿ ಆ ವಾರವೂ ಕಾಲಮು ಖಾಲಿ ಬಿಟ್ಟೆ. ಕೊನೆಗೆ ಪುಷ್ಯ ಮಾಸದಲ್ಲಿ, ಅರ್ಜಿಯ ಕಡೆಯ ದಿನ ಕಣ್ಣು ಮುಚ್ಚಿಕೊಂಡು ‘ಮುನ್ನೂರ ಹದಿನೈದು’ ಎಂದು ಬರೆದು ಕೊಟ್ಟು ಬಂದೆ. ಬಸ್ಸು ಊರು ಮುಟ್ಟುವಷ್ಟರಲ್ಲಿ ತಪ್ಪು ಮಾಡಿದೆ ಅನ್ನಿಸಿತು, ಆದರೆ ಕಾಗದ ಕೈಬಿಟ್ಟಿತ್ತು.

ಇನ್ನು ಉಳಿದದ್ದು ಒಂದೇ ಮೆಟ್ಟಿಲು. ಕಂದಾಯದ ಗಿರ್ದಾವರ ಸಾಹೇಬರು ಸ್ವತಃ ಬಂದು ಹೊಲ ನೋಡಬೇಕು. ಮೃಗಗಳಿಂದ ಹಾನಿ ಕಂಡರೆ ಲೈಸನ್ಸು, ಕಾಣದಿದ್ದರೆ ಇಲ್ಲ. ಸೋಮವಾರ ಹನ್ನೊಂದರ ಬಸ್ಸಿಗೆ ಬರುತ್ತೇವೆಂದು ಹೇಳಿ ಕಳಿಸಿದರು. ಆ ದಿನ ಬೆಳಿಗ್ಗೆ ನಾನು ಬಹಳ ದಿನಗಳ ಮೇಲೆ ಹೊಲಕ್ಕೆ ಹೋಗಿ ನೋಡಿದೆ. ಶೇಂಗಾ ತೆಗೆದು ಬಿತ್ತಿದ ಬಿಳಿಜೋಳ ಆಳೆತ್ತರ ನಿಂತು ಹಾಲುಗಾಳು ಕಟ್ಟಿದೆ, ಒಂದು ದಂಟೂ ಬಾಗಿಲ್ಲ. ಅಂಥ ಬೆಳೆ ನೋಡಿ ಅಳು ಬಂದ ರೈತ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ನಾನು ಬೋರ್ ಹುಡುಕುತ್ತಿದ್ದಾಗ ಕಸ್ತೂರಿ ಹೊಲದ ನಡುವೆ ಅಟ್ಟಣಿಗೆ ಕಟ್ಟಿಸಿ, ಕೂಲಿಯ ರೇವಮ್ಮನ ಕೈಗೆ ಕವಣೆ ಕೊಟ್ಟು ಕೂರಿಸಿದ್ದಳು. ದಿನಕ್ಕೆ ಎರಡು ಸಲ ತಾನೂ ಹೋಗಿ ಬರುತ್ತಿದ್ದಳು. ಕಲ್ಲಿನ ಏಟು ತಿಂದ ಹಂದಿಗಳು ಪಕ್ಕದ ಊರಿನ ಹೊಲ ಹಿಡಿದಿದ್ದವು.

“ಏನ್ ಮಾಡಿದಿ ಬೇ ಕಸ್ತೂರಿ? ಒಂದ್ ದಂಟರ ಮುರದಿಲ್ಲಲ್ಲ” ಎಂದೆ, ಮನೆಗೆ ಓಡಿ ಬಂದು.

“ಮುರೀಬೇಕಿತ್ತೇನ್ರಿ?”

“ಸಾಹೇಬ್ರಿಗೆ ನಾ ಏನ್ ತೋರಸ್ಲಿ?”

“ಜ್ವಾಳ ತೋರಸ್ರಿ. ಎಳೀ ತೆನಿ ಸುಟ್ಟು ಸೀತನಿ ಮಾಡಿ ಕೊಡ್ತೇನಿ, ತಿಂದು ಹೋಗ್ಲಿ.”

ಸಾಹೇಬರು ಹೇಳಿದ ಬಸ್ಸಿಗೇ ಬಂದರು. ಕಸ್ತೂರಿ ಮಂಡಕ್ಕಿಯ ಸುಸಲಾ, ಚಹಾ ಮುಂದಿಟ್ಟಳು. ಅವರು ಎರಡನೇ ಸಲ ಸುಸಲಾ ಹಾಕಿಸಿಕೊಳ್ಳುವುದನ್ನು ಕಂಡು ನನಗೆ ಒಂದು ದಿವ್ಯ ಉಪಾಯ ಹೊಳೆಯಿತು. ಹೊಲದ ಕಡೆ ಎಲ್ಲ ಸರಿಯಾಗಿದೆಯೇ ನೋಡಿ ಬರುತ್ತೇನೆಂದು ಹೇಳಿ ಹಿತ್ತಲ ಬಾಗಿಲಿನಿಂದ ಹಾರಿದೆ. ರೇವಮ್ಮ ಬದುವಿನ ಆಚೆ ಬುತ್ತಿ ಬಿಚ್ಚಿ ಕೂತಿದ್ದಳು, ಅವಳಿಗೂ ಕಾಣಿಸಿಕೊಳ್ಳಲಿಲ್ಲ. ಜೋಳದ ಎಲೆ, ರವದಿ ಮೈ ಗೀರುತ್ತವೆಂದು ಕರಿಯ ಕಂಬಳಿ ಹೊದ್ದು, ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಹಿಡಿದು, ನಾಲ್ಕು ಕಾಲಿನ ಮೇಲೆ ಒಳಗೆ ನುಗ್ಗಿದೆ. ಹಂದಿ ಎಲ್ಲಿ ತಿರುಗುತ್ತದೆ, ಎಲ್ಲಿ ಕೆದರುತ್ತದೆ ಎಂದು ನಾಲ್ಕು ತಿಂಗಳು ಚಿಂತಿಸಿದವನು ನಾನು. ಹದಿನೈದು ನಿಮಿಷದಲ್ಲಿ ಎಂಥ ಹಂದಿಯೂ ತಲೆದೂಗುವಂತೆ ಮೂರು ಸಾಲು ಮಲಗಿಸಿದೆ.

ಆಗ ಬದುವಿನ ಕಡೆಯಿಂದ ಕಸ್ತೂರಿಯ ದನಿ ಕೇಳಿತು. ಸುಸಲಾ ಇಷ್ಟು ಬೇಗ ಮುಗಿಯುತ್ತದೆಂದು ನಾನು ಲೆಕ್ಕ ಹಾಕಿರಲಿಲ್ಲ.

“ಸಾಹೇಬ್ರ, ಅಲ್ಲೇ ನಿಂದರ್ರಿ. ಜ್ವಾಳ ಅಳ್ಳಾಡಾಕತ್ತದ ನೋಡ್ರಿ. ಹಂದಿ ಅದ. ನಮ್ಮನಿಯವ್ರು ಹೇಳಿದ್ದು ಖರೇನ ಅದರಿ, ಬರಕೋರಿ.”

“ಹೌದವ್ವಾ, ಭಾರಿ ದೊಡ್ಡದೇ ಅದ” ಎಂದರು ಸಾಹೇಬರು. ಕಾಗದ ಬಿಚ್ಚಿದ ಸಪ್ಪಳವಾಯಿತು.

ನನಗೆ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳು ಹಂಗಿಸಿದ ಹೆಂಡತಿ, ಹೊತ್ತು ಬಂದಾಗ ಸರ್ಕಾರದ ಮುಂದೆ ನನ್ನ ಮಾತು ಉಳಿಸಿದಳು. ಸದ್ದಿಲ್ಲದೆ ಬಿದ್ದಿದ್ದರೆ ಲೈಸನ್ಸು ಆಗಿಹೋಗುತ್ತಿತ್ತು. ಆದರೆ ರಿಪೋರ್ಟ್ ಇನ್ನಷ್ಟು ಗಟ್ಟಿಯಾಗಲಿ ಎಂಬ ಆಸೆಗೆ ನಾನು ಒಂದು ಸಲ ಗುರ್ರೆಂದೆ.

“ಕೊಡು ಬೇ ರೇವಮ್ಮ, ಕವಣಿ ಇಲ್ಲಿ ಕೊಡು” ಎಂದಳು ಕಸ್ತೂರಿ.

ನನ್ನ ಹೆಂಡತಿ ಆಳಂದ ಕಡೆ ಕಿಣ್ಣಿ ಸುಲ್ತಾನದವಳು. ಎಂಟನೇ ವಯಸ್ಸಿನಿಂದ ಮದುವೆಯಾಗುವ ತನಕ ತವರಿನ ಹೊಲ ಕಾದವಳಂತೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಇದನ್ನು ಕೇಳಿರಲಿಲ್ಲ. ಕಲ್ಲು ಗಾಳಿಯಲ್ಲಿ ಸುಯ್ಯೆಂದದ್ದು ಕೇಳಿತು, ಆಮೇಲೆ ಅದು ಬಂದು ನಾಟಿದ ಜಾಗವನ್ನು ಮರ್ಯಾದಸ್ಥರ ಮುಂದೆ ಹೇಳುವಂತಿಲ್ಲ.

“ಎಪ್ಪಾ, ಸತ್ನೋ” ಎಂದು ಕಂಬಳಿ ಬಿಸಾಕಿ ಎದ್ದು ನಿಂತೆ.

ರೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗಿರ್ದಾವರ ಸಾಹೇಬರು ಒಮ್ಮೆ ನನ್ನನ್ನು, ಒಮ್ಮೆ ಮಲಗಿದ ಜೋಳವನ್ನು, ಒಮ್ಮೆ ಕುರ್ಪಿಯನ್ನು ನೋಡಿ, ಬರೆದಿದ್ದರ ಮೇಲೆ ಗೆರೆ ಎಳೆದರು.

ಮನೆಯಲ್ಲಿ ಕಸ್ತೂರಿ ಅರಿಶಿಣ ಹಚ್ಚಿ ಬಿಸಿ ಶಾಖ ಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಅಳುವಿನದೋ ನಗುವಿನದೋ ಕೇಳುವ ಧೈರ್ಯವಾಗಲಿಲ್ಲ.

“ನಾಕು ತಿಂಗಳು ಹುಡುಕಿದ್ರಿ. ನೋಡ್ರಿ, ಹಂದಿಗೂ ಅದೇ ಕಲ್ಲು, ನಿಮಗೂ ಅದೇ ಕಲ್ಲು” ಎಂದಳು.

ತಿಂಗಳ ಮೇಲೆ ಕಚೇರಿಯ ಕಾಗದ ಬಂತು. ಆ ದಿನ ಹಣಮಂತರಾಯ ಬಂದು ನಮ್ಮ ರೊಟ್ಟಿ ತಿನ್ನುತ್ತಿದ್ದ. ನಾನು ಕೈ ಚಾಚುವ ಮೊದಲೇ ಲಕೋಟೆ ಒಡೆದು, ಓಣಿಗೆಲ್ಲ ಕೇಳುವಂತೆ ಓದಿದ:

“ಸ್ಥಳ ಪರಿಶೀಲಿಸಲಾಗಿದೆ. ಅರ್ಜಿದಾರರ ಬೆಳೆಗೆ ಅವರ ಧರ್ಮಪತ್ನಿಯವರಿಂದ ಈಗಾಗಲೇ ಸಾಕಷ್ಟು ರಕ್ಷಣೆ ಇರುತ್ತದೆ. ರಕ್ಷಣೆಯ ಅಗತ್ಯ ಕಂಡುಬಂದಿರುವುದು ಅರ್ಜಿದಾರರಿಗೆ ಮಾತ್ರ. ಅದಕ್ಕೆ ಈ ಕಚೇರಿಯಲ್ಲಿ ಲೈಸನ್ಸ್ ಕೊಡುವ ಪದ್ಧತಿ ಇರುವುದಿಲ್ಲ.”