ಪಗಾರದ ಜೊತೆಗೊಬ್ಬ ಅಣ್ಣ

ಯಾರಿಗೇ ಆಗಲಿ, ಅಣ್ಣ ಹುಟ್ಟುವುದು ತಾನು ಹುಟ್ಟುವ ಮೊದಲು. ನನಗೆ ಮಾತ್ರ ಇಪ್ಪತ್ತನೆಯ ವಯಸ್ಸಿನಲ್ಲಿ ಒಬ್ಬ ಅಣ್ಣ ಹುಟ್ಟಿದ! ಅದೂ ಮೀಸೆ ಸಮೇತ, ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದುಕೊಂಡು, ವಿಜಾಪುರದ ಮೋಟಾರು ಸ್ಟ್ಯಾಂಡಿನಲ್ಲಿ. ಈ ಹೆರಿಗೆ ಮಾಡಿಸಿದ ಮಹಾನುಭಾವರು ನಮ್ಮ ಮೋಟಾರು ಕಂಪನಿಯ ಮ್ಯಾನೇಜರರು. ಅವರನ್ನು ಮ್ಯಾನೇಜರ್ ಎಂದು ಯಾರೂ ಕರೆಯಕೂಡದು. ಕರೆದರೆ ಆ ದಿನವೆಲ್ಲ ಅವರಿಗೆ ಊಟ ಸೇರುತ್ತಿರಲಿಲ್ಲ. ಎಲ್ಲರಿಗೂ ಅವರು ಕಾಕಾ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಒಂದು ಉದ್ದನೆಯ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನ ಮೇಲೆ ಗಾಡಿ ಓಡಿಸುತ್ತಿದ್ದೆವು. ಓಡಿಸುತ್ತಿದ್ದೆವು ಎಂಬುದು ಮರ್ಯಾದೆಗೆ ಹೇಳುವ ಮಾತು. ಒಂದು ಬಸ್ಸು ಟಿಕೋಟಾಕ್ಕೆ, ಇನ್ನೊಂದು ಸಾರವಾಡದ ಮೇಲೆ ಹಾಯ್ದು ಬಬಲೇಶ್ವರಕ್ಕೆ. ಮೂರನೆಯದೂ ಒಂದಿತ್ತು. ಅದು ಎಲ್ಲಿಗೂ ಹೋಗುತ್ತಿರಲಿಲ್ಲ; ಅದರ ಸಾಮಾನು ಬಿಚ್ಚಿ ಉಳಿದೆರಡಕ್ಕೆ ಹಾಕುವುದಕ್ಕಾಗಿ ಅದನ್ನು ಸಾಕಿಕೊಂಡಿದ್ದರು.

ನೌಕರಿ ಕೇಳಲು ಹೋದ ದಿನ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಕಾಗದ ಹಿಡಿದು ನಿಂತಿದ್ದೆ. ಕಾಕಾ ಅದನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ.

"ಮನ್ಯಾಗ ಯಾರ್‍ಯಾರ ಅದೀರಿ?"

"ಅವ್ವ, ನಾ ಇಬ್ಬರ ರಿ. ಸಾರವಾಡದಾಗ."

"ಅಣ್ಣಾ ತಮ್ಮಾ?"

"ಯಾರೂ ಇಲ್ರಿ."

"ಅಯ್ಯ ಪಾಪ!" ಎಂದವರೇ ಕಿಟಕಿಯಿಂದ ಹೊರಗೆ ಮುಖ ಹಾಕಿ ಕೂಗಿದರು. "ಏ ಮಲ್ಲಪ್ಪಾ, ಬಾ ಇಲ್ಲೆ! ನಿನಗ ತಮ್ಮ ಬಂದಾನ!"

ಬಬಲೇಶ್ವರದ ಬಸ್ಸಿನ ಡ್ರೈವರ್ ಮಲ್ಲಪ್ಪ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾ ಕಂಡಕ್ಟರ ಬೇಕಂತ ಕೇಳಿದ್ನೆಲ್ರಿ ಕಾಕಾ?"

"ಕಂಡಕ್ಟರಿಕಿ ಆಮ್ಯಾಲ ಕಲೀತಾನ. ಮದಲ ತಮ್ಮ ಆಗಲಿ."

ಹೀಗೆ ನನಗೆ ಪಗಾರದ ಜೊತೆಗೆ ಒಬ್ಬ ಅಣ್ಣನೂ ಸಿಕ್ಕಿದ. ಪಗಾರ ತಿಂಗಳಿಗೊಮ್ಮೆ ಬರುತ್ತಿತ್ತು, ಅಣ್ಣ ದಿನಾ ಬೈಯುತ್ತಿದ್ದ. ಒಟ್ಟಿನಲ್ಲಿ ಒಡಹುಟ್ಟಿದವರ ಹಾಗೆಯೇ ಇತ್ತು!

ನನ್ನದೇನು ದೊಡ್ಡದಲ್ಲ ಬಿಡಿ. ಫಿಟ್ಟರ್ ಬಸಪ್ಪನ ಪಾಡು ಕೇಳಬೇಕು. ಐವತ್ತು ದಾಟಿದ ಮನುಷ್ಯ. ಅವನಿಗೆ ಕಾಕಾ ಗೊತ್ತುಮಾಡಿದ ಸಂಬಂಧವೆಂದರೆ, ಮೊನ್ನೆ ಮೊನ್ನೆ ಮೀಸೆ ಮೂಡಿದ ಬುಕಿಂಗ್ ಕ್ಲಾರ್ಕನಿಗೆ ಸೋದರಳಿಯ! ಬಸಪ್ಪ ಆ ಹುಡುಗನಿಗೆ ದಿನಾ ಬೆಳಗ್ಗೆ "ಶರಣ್ರಿ ಮಾಮಾ" ಎನ್ನಬೇಕು.

"ಕಾಕಾ, ನನಗ ಮೊಮ್ಮಕ್ಕಳ ಅದಾವ್ರಿ!" ಎಂದು ಬಸಪ್ಪ ಗೋಗರೆದ.

"ಅದಕ್ಕೇನಾತು? ವಯಸ್ಸಿಗೆ ಸಣ್ಣವ ಇರೋ ಸ್ವಾದರಮಾವ ಎಲ್ಲಾರ ಮನ್ಯಾಗೂ ಒಬ್ಬ ಇರ್ತಾನ. ನಮ್ಮ ಮನ್ಯಾಗ ಇರಬಾರದೇನು?"

ಬಸಪ್ಪ ಮರುದಿನದಿಂದಲೇ ಶರಣೆನ್ನತೊಡಗಿದ. ಆದರೆ ಸೋದರಳಿಯನಾಗಿದ್ದಕ್ಕೆ ಅವನು ಲಾಭ ಮಾಡಿಕೊಳ್ಳದೆ ಬಿಡಲಿಲ್ಲ. ಮನೆಯಲ್ಲಿ ಅಳಿಯ ಮುನಿಸಿಕೊಂಡರೆ ಏನು ಮಾಡಬೇಕು? ಹೋಳಿಗೆ ಮಾಡಿ ಕರೆಯಬೇಕು! ಒಮ್ಮೆ ಬಸಪ್ಪನಿಗೂ ಮಲ್ಲಪ್ಪನಿಗೂ ಜಗಳವಾಗಿ ಬಸಪ್ಪ ಪಾನಾ ಒಗೆದು ಮೂಲೆಯಲ್ಲಿ ಕೂತಾಗ, ಬೇರೆ ಮ್ಯಾನೇಜರರಾಗಿದ್ದರೆ ದಂಡ ಹಾಕುತ್ತಿದ್ದರು. ನಮ್ಮ ಕಾಕಾ ಖಾನಾವಳಿಯ ಅವ್ವನಿಗೆ ಹೇಳಿ, ಬೆಲ್ಲವೇ ಸಿಗದ ಆ ದಿನಗಳಲ್ಲಿ, ಹೋಳಿಗೆ ಮಾಡಿಸಿ ತಂದು ಅವನ ಮುಂದಿಟ್ಟರು. ಅಂದಿನಿಂದ ಬಸಪ್ಪ ಪ್ರತಿ ಅಮಾವಾಸ್ಯೆಯ ಹೊತ್ತಿಗೆ ತಪ್ಪದೆ ಮುನಿಸಿಕೊಳ್ಳತೊಡಗಿದ.

"ಇದೆಲ್ಲಾ ಯಾಕ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿದ್ದೆ.

"ನೋಡೋ ತಮ್ಮಾ. ಪಗಾರಕ್ಕ ದುಡದಾಂವ ಗಾಡಿ ಕೆಟ್ರ ಅಲ್ಲೇ ಬಿಟ್ಟ ಬರ್ತಾನ. ಮನಿಮಂದಿ ಆದ್ರ ದಬ್ಬಕೋತ ಬರ್ತಾನ."

ನಾನು ಆಮೇಲೆ ಸಾರವಾಡದ ಏರಿನಲ್ಲಿ ಎಷ್ಟು ಸಲ ಬಸ್ಸು ದಬ್ಬಿದೆನೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲವೂ ಕಾಕಾನ ಮಾತು ನೆನೆದು ಹಲ್ಲು ಕಡಿಯುತ್ತಿದ್ದೆ. ಆದರೂ ದಬ್ಬುತ್ತಿದ್ದೆ!

ಕಾಕಾ ಇರುತ್ತಿದ್ದುದು ಜೋರಾಪುರ ಪೇಟೆಯ ಒಂದು ಖೋಲಿಯಲ್ಲಿ, ಒಬ್ಬರೇ. ಹೆಂಡತಿ, ಮಕ್ಕಳು, ತಮ್ಮಂದಿರು ಎಲ್ಲ ಹಿಂದೆ ಪ್ಲೇಗಿನಲ್ಲಿ ಹೋದರೆಂದು ಮಲ್ಲಪ್ಪ ಹೇಳಿದ್ದ. ಕಾಕಾ ತಾವಾಗಿ ಆ ಮಾತು ಎಂದೂ ತೆಗೆಯಲಿಲ್ಲ. ನಾವೂ ಕೇಳಲಿಲ್ಲ.

ನಾನು ಸೇರಿದ ಎರಡನೆಯ ವರ್ಷ ಮಲ್ಲಪ್ಪನ ತಂದೆ ತೀರಿಕೊಂಡ. ಕಾಕಾ ಟಿಕೋಟಾದ ಬಸ್ಸು ನಿಲ್ಲಿಸಿ, ಇಡೀ ಕಂಪನಿಯನ್ನು ಅದರಲ್ಲಿ ತುಂಬಿಕೊಂಡು ಮಲ್ಲಪ್ಪನ ಊರು ಬಬಲೇಶ್ವರಕ್ಕೆ ನಡೆದರು. ಮರುದಿನ ಮಾಲೀಕರು ಕೆಂಡವಾಗಿದ್ದರು.

"ಬಸ್ ಯಾಕ ನಿಲ್ಲಿಸಿದ್ರಿ?"

"ನಮ್ಮ ಅಣ್ಣ ತೀರಿಕೊಂಡಾನ್ರಿ ಸಾವಕಾರ."

ಮಾಲೀಕರು ತಣ್ಣಗಾಗಿ ಸಮಾಧಾನ ಹೇಳಿ ಹೋದರು. ತಿಂಗಳು ಕಳೆಯುವಷ್ಟರಲ್ಲಿ ಬಸಪ್ಪನ ದೊಡ್ಡಪ್ಪ ಸತ್ತ, ಬಸ್ಸು ಮತ್ತೆ ನಿಂತಿತು, ಕಾಕಾ ಮತ್ತೆ "ನಮ್ಮ ಅಣ್ಣ" ಎಂದರು. ಮಾಲೀಕರು ಕೈ ಮುಗಿದುಬಿಟ್ಟರು. "ಮಾರಾಯಾ, ನಿನಗ ಇನ್ನ ಎಷ್ಟ ಮಂದಿ ಅಣ್ಣಗೋಳ ಅದಾರ, ಒಮ್ಮೆ ಹೇಳಿಬಿಡು!"

ಆದರೆ ಬಬಲೇಶ್ವರದಲ್ಲಿ ಆ ದಿನ ನಡೆದದ್ದು ನಗೆಯಲ್ಲ. ಮಲ್ಲಪ್ಪನಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಹೆಣ ಎತ್ತುವ ಹೊತ್ತಿಗೆ ಅವನು ಒಬ್ಬನೇ ಮುಂದೆ ನಿಂತಿದ್ದ. ಕಾಕಾ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದರು.

"ಸಣ್ಣ ಮಗಾ ನೀ. ಹೆಗಲ ಕೊಡು."

ಕೊಟ್ಟೆ. ಸ್ವಂತ ಅಪ್ಪ ಹೋದಾಗ ನಾನು ಇನ್ನೂ ತೊಟ್ಟಿಲಲ್ಲಿದ್ದೆ. ಹೆಗಲು ಕೊಡುವ ಹಾಗಿರಲಿಲ್ಲ. ಆ ದಿನ ನಿಜವಾಗಿಯೂ ಅತ್ತೆ.

ಅಲ್ಲಿಂದ ಮುಂದೆ ಆ ಮನೆ ನನ್ನದಾಯಿತು. ನಮ್ಮ ಬಸ್ಸು ರಾತ್ರಿ ಬಬಲೇಶ್ವರದಲ್ಲೇ ವಸ್ತಿ. ಊಟ ಮಲ್ಲಪ್ಪನ ಮನೆಯಲ್ಲಿ. ಅವನ ತಾಯಿ "ಉಣ್ಣು ಮಗಾ" ಎಂದು ಮುಂದೆ ಕೂರುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಅವನ ತಂಗಿ ಗೌರವ್ವ. ಅವಳ ಬಾಯಿ ಬಲು ಜೋರು.

"ಕಂಡಕ್ಟರಣ್ಣಾ, ಇನ್ನೊಂದ ರೊಟ್ಟಿ ಹಿಡಿ. ಅಂಜಬ್ಯಾಡ, ಇದಕ್ಕ ಟಿಕೀಟ ಇಲ್ಲ!"

ಟಿಕೀಟು ಇಲ್ಲದ ಆ ರೊಟ್ಟಿ ತಿನ್ನುತ್ತ ತಿನ್ನುತ್ತ ನನಗೆ ಏನಾಯಿತೋ! ಮಧ್ಯಾಹ್ನ ಮೂರಕ್ಕೆ ವಿಜಾಪುರ ಬಿಡುವ ಬಸ್ಸು ಎರಡೂವರೆಗೇ ಬಿಟ್ಟರೇನು ಅನ್ನಿಸತೊಡಗಿತು. ಸಾರವಾಡದ ಏರಿನಲ್ಲಿ ನಾನು ಒಬ್ಬನೇ ಮೂವರಷ್ಟು ದಬ್ಬುತ್ತಿದ್ದೆ. "ಏನಲೇ, ಇತ್ತಿತ್ತಲಾಗ ಭಾಳ ಹುರುಪ ಬಂದೈತಿ?" ಎಂದು ಮಲ್ಲಪ್ಪ ಕೇಳುತ್ತಿದ್ದ. ಅವನಿಗೆ ಹೇಗೆ ಹೇಳಲಿ?

ಹೇಳಿದವಳು ನನ್ನವ್ವ. ನನಗೆ ಹೆಣ್ಣು ಹುಡುಕುತ್ತಿದ್ದವಳ ಕಿವಿಗೆ ಗೌರವ್ವನ ಹೆಸರು ಬಿತ್ತು. ಅವರೂ ನಮ್ಮವರೇ, ಬೆಡಗು, ಅಂದರೆ ಗೋತ್ರ, ಬೇರೆ, ಮನೆತನ ನೆಟ್ಟಗೆ. ಇನ್ನೇನು ಬೇಕು? ಅವ್ವ, ಕಾಕಾನನ್ನು ಹಿರಿಯರೆಂದು ಮುಂದೆ ಮಾಡಿಕೊಂಡು ಹೊರಟಳು. ಕಾಕಾನ ಸಂಭ್ರಮ ನೋಡಬೇಕಿತ್ತು! ಹೊಸ ರುಮಾಲು ಸುತ್ತಿದ್ದರು. ದಾರಿಯುದ್ದಕ್ಕೂ, "ಕಂಪನ್ಯಾಗ ಮದಲನೇ ಲಗ್ನ! ಎರಡೂ ಬಸ್ಸಿಗೂ ಹೂವಿನ ಮಾಲಿ!" ಎಂದು ಪ್ರಯಾಣಿಕರಿಗೆಲ್ಲ ಹೇಳುತ್ತಿದ್ದರು.

ಮಾತು ಕೇಳಿ ಮಲ್ಲಪ್ಪನ ತಾಯಿ ನನ್ನವ್ವನ ಕೈ ಹಿಡಿದುಕೊಂಡಳು.

"ಯವ್ವಾ, ನಿನ್ನ ಮಗಾ ಬಂಗಾರದಂಥಾಂವ. ಆದ್ರ ನನ್ನ ಗಂಡಗ ಹೆಗಲ ಕೊಟ್ಟಾನ. ನಾ ಇವನ್ನ ಹಡದಿಲ್ಲ ಖರೆ, ಮಗಾ ಅಂತ ಊಟಕ್ಕ ನೀಡೀನಿ. ಮಗಗ ಮಗಳನ್ನ ಹ್ಯಾಂಗ ಕೊಡ್ಲಿ? ನೀನ ಹೇಳು."

ಕಾಕಾನ ಮುಖದ ಮೇಲಿನ ನಗೆ ಹಾಗೇ ಉಳಿದಿತ್ತು. ಇಳಿಸುವುದು ಅವರಿಗೆ ತಿಳಿಯಲಿಲ್ಲ. "ಅದಕ್ಯಾಕ ಚಿಂತಿ ಮಾಡ್ತಿಯವ್ವಾ," ಎಂದರು. "ಸಂಬಂಧ ಹಚ್ಚಿದಾಂವ ನಾನ. ಇವತ್ತ ಬದಲ ಮಾಡ್ತೀನಿ. ಇನ್ನ ಮ್ಯಾಲ ಇವ ಮಲ್ಲಪ್ಪಗ ತಮ್ಮ ಅಲ್ಲ, ಮಾವನ ಮಗಾ. ಮುಗೀತು!"

"ಸಂಬಂಧ ಅಂದ್ರ ಟೈರ ಏನ್ರಿ ಕಾಕಾ, ಒಂದ ಬಿಚ್ಚಿ ಒಂದ ಹಾಕಾಕ?" ಎಂದ ಮಲ್ಲಪ್ಪ.

ಆಗ ಕಾಕಾ ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ತಮ್ಮ ಜೀವಮಾನದಲ್ಲಿ ಆಡದ ಮಾತೊಂದನ್ನು ಆಡಿದರು. "ಅದು ಕಂಪನಿ ಸಂಬಂಧಪಾ. ಬಾಯಿ ಮಾತಿಂದು. ಖರೇ ಸಂಬಂಧ ಅಲ್ಲ ಅದು."

ಮಲ್ಲಪ್ಪ ಸಿಟ್ಟಿನಿಂದ ಕೇಳಲಿಲ್ಲ. ತಿಳಿಯದೆ ಕೇಳುವವನ ಹಾಗೆ ಕೇಳಿದ. "ಹಂಗಾದ್ರ ನೀವೂ ಖರೇ ಕಾಕಾ ಅಲ್ಲೇನ್ರಿ? ನಮ್ಮಪ್ಪ ಹ್ವಾದಾಗ ಅಣ್ಣಾ ಅಂತ ಅತ್ರೆಲ್ಲಾ, ಅದೂ ಬಾಯಿ ಮಾತೇನು?"

ಮಾತಿಗೆ ಬರವೆಂಬುದನ್ನೇ ಕಾಣದ ಕಾಕಾ ಮುಂದಿದ್ದ ತಂಬಿಗೆ ಎತ್ತಿ ನೀರು ಕುಡಿಯುತ್ತ ಕೂತರು. ಬಾಗಿಲ ಹಿಂದೆ ಗೌರವ್ವ ನಿಂತಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತೋ ಇಂದಿಗೂ ನನಗೆ ಗೊತ್ತಿಲ್ಲ. ಕೇಳಬಹುದಿತ್ತೇ? ಯಾವ ಅಣ್ಣ ಕೇಳುತ್ತಾನೆ?

ಅವ್ವ ಮಾತ್ರ, "ಖರೆ ಐತಿ ಬಿಡವಾ," ಎಂದು ಎದ್ದಳು.

ಇಷ್ಟಕ್ಕೇ ಸೋಲುವವರೇ ಕಾಕಾ? ಎರಡು ದಿನ ಬಿಟ್ಟು ನನ್ನನ್ನು ಬದಿಗೆ ಕರೆದು ಗುಟ್ಟಾಗಿ ಹೇಳಿದರು. "ಒಂದ ಯುಕ್ತಿ ಐತಿ. ನೀ ನೌಕರಿ ಬಿಡು. ಒಂದ ತಿಂಗಳ ಬಿಟ್ಟ ಹೊಸದಾಗಿ ಬಾ. ಹೊಸಾ ನೌಕರಿ, ಹೊಸಾ ಸಂಬಂಧ. ಆವಾಗ ಮಾವನ ಮಗಾ ಆಗೇ ಬಾ!"

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂದು ಮೈಯೆಲ್ಲ ಉರಿಯಿತು.

"ಹೆಗಲ ಕೊಟ್ಟಿದ್ದೂ ಬಿಟ್ಟ ಬರಾಕ ಆಕ್ಕೈತೇನ್ರಿ, ಮ್ಯಾನೇಜರ್ ಸಾಹೇಬ್ರ?"

ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು. "ಹೌದೌದು" ಎಂದರು, ಯಾತಕ್ಕೆ ಎಂದು ಅವರಿಗೇ ಗೊತ್ತಿರಲಿಲ್ಲ. ಅಂದಿನಿಂದ ನಾನು ಅವರನ್ನು ಕಾಕಾ ಎನ್ನಲಿಲ್ಲ. ಅವರೂ ಅನ್ನಿಸಿಕೊಳ್ಳಲು ಬರಲಿಲ್ಲ. ಆ ಮಳೆಗಾಲಕ್ಕೆ ಟಿಕೋಟಾದ ಬಸ್ಸಿಗೆ ಹೊಸ ಡ್ರೈವರ್ ಬಂದ. ನಾಲ್ಕು ಮಕ್ಕಳ ತಂದೆ. ಕಂಪನಿಯ ಪದ್ಧತಿ ಎಲ್ಲೋ ಕೇಳಿಕೊಂಡು ಬಂದಿದ್ದನೇನೋ, ನಗುತ್ತ, "ನಾ ಯಾರಿಗೆ ಏನಾಗಬೇಕ್ರಿ ಸಾಹೇಬ್ರ?" ಎಂದು ಕೇಳಿದ.

ಕಾಕಾ ತಲೆ ಎತ್ತಲಿಲ್ಲ. "ಏನೂ ಆಗಬ್ಯಾಡಪಾ. ಗಾಡಿ ಹೊಡಿ."

ಬಸಪ್ಪ ಮುನಿಸಿಕೊಳ್ಳುವುದನ್ನೂ ಬಿಟ್ಟ. ಹೋಳಿಗೆ ನಿಂತದ್ದಕ್ಕಲ್ಲ, ಮುನಿಸಿಕೊಂಡರೆ ಕೇಳುವವರು ಯಾರು? ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿ ಉಣ್ಣತೊಡಗಿದೆವು. ನಮ್ಮ ಕಂಪನಿ ಕೊನೆಗೂ ಬರೀ ಕಂಪನಿಯಾಯಿತು. ಎಷ್ಟು ಚೆಂದದ ಮನೆಯಿತ್ತು ಅದು!

ಮುಂದಿನ ಬೇಸಗೆಯಲ್ಲಿ ಗೌರವ್ವನನ್ನು ಟಿಕೋಟಾದ ಒಂದು ಒಳ್ಳೆಯ ಮನೆಗೆ ಕೊಟ್ಟರು. ಮದುವೆಯಲ್ಲಿ ನಾನು ಹಂದರ ಹಾಕಿದೆ, ನೀರು ಹೊತ್ತೆ, ಬೀಗರಿಗೆ ಎಲೆ ಅಡಿಕೆ ಕೊಟ್ಟೆ. ಚೆನ್ನಾಗಿಯೇ ಓಡಾಡಿದೆನೆಂದು ಎಲ್ಲರೂ ಹೇಳಿದರು.

ಶ್ರಾವಣ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಮಗಳನ್ನು ತವರಿಗೆ ಕರೆದು ತರಲು ಅಣ್ಣ ತಮ್ಮಂದಿರೇ ಹೋಗಬೇಕು. ಹೋಗದಿದ್ದರೆ ಅತ್ತೆಯ ಮನೆಯಲ್ಲಿ ಅವಳು ತಲೆ ಎತ್ತುವ ಹಾಗಿಲ್ಲ. ಆದರೆ ಮಲ್ಲಪ್ಪ ಚಳಿಜ್ವರ ಬಂದು ಕೌದಿ ಹೊದ್ದು ಮಲಗಿದ್ದ; ನಮ್ಮ ಬಸ್ಸನ್ನು ಬಸಪ್ಪ ಹೊಡೆಯುತ್ತಿದ್ದ.

ಕಾಕಾ ಸ್ಟ್ಯಾಂಡಿನಲ್ಲಿ ನನ್ನ ಹತ್ತಿರ ಬಂದು, ಬಸ್ಸಿನ ಗಾಲಿ ನೋಡಿದರು, ಮೋಡ ನೋಡಿದರು.

"ಮಲ್ಲಪ್ಪಗ ಜ್ವರ ಇಳದಿಲ್ಲ," ಎಂದರು. "ಹುಡುಗಿ ದಾರಿ ನೋಡಾಕತ್ತಿರತೈತಿ. ನೀ ಹೋಗಂತ ನಾ ಅನ್ನಂಗಿಲ್ಲ. ಇನ್ನ ಯಾರಿಗೂ ಏನೂ ಅನ್ನಂಗಿಲ್ಲ. ಖಬರ ಹೇಳೀನಿ, ಅಷ್ಟ."

ಉತ್ತರ ಕೇಳಲು ನಿಲ್ಲದೆ ಹೋದರು. ನಾನು ನಮ್ಮ ಬಸ್ಸಿನ ಕೆಲಸ ಕ್ಲಾರ್ಕನಿಗೆ ಒಪ್ಪಿಸಿ ಟಿಕೋಟಾದ ಬಸ್ಸು ಹತ್ತಿದೆ. ಊರು ದಾಟಿದ ಮೇಲೆ ಹಿಂದೆ ನೋಡಿದರೆ, ಕೊನೆಯ ಸೀಟಿನಲ್ಲಿ ಕೊಡೆ ಹಿಡಿದುಕೊಂಡು ಕಾಕಾ! ಕಣ್ಣು ಕೂಡಿದ ಕೂಡಲೇ ಕಿಟಕಿಯ ಕಡೆ ತಿರುಗಿದರು. ಟಿಕೋಟಾದಲ್ಲಿ ಇಳಿದ ಮೇಲೂ ನನ್ನ ಜೊತೆ ಬರಲಿಲ್ಲ, ದೂರದಿಂದ ಹಿಂದೆ ಹಿಂದೆ ನಡೆದು ಬಂದರು.

ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಮನೆಯೆಲ್ಲ ಕೇಳುವ ಹಾಗೆ ಕೂಗಿದಳು. "ಅತ್ತೀ, ನಮ್ಮಣ್ಣ ಬಂದಾನ್ರಿ! ಸಣ್ಣಣ್ಣ ಬಂದಾನ!"

ಆ ದನಿಯಲ್ಲಿ ಎಷ್ಟು ಸಂತೋಷ! ನನ್ನ ಎದೆಯೊಳಗೆ ಏನೋ ಒಂದು ಶಾಶ್ವತವಾಗಿ ಮುಗಿಯಿತು. ಮುಗಿದದ್ದಕ್ಕೆ ದುಃಖವಾಯಿತು. ಆದರೆ ಅವಳು ಕೂಗಿದ ಹೆಸರಿಗೆ ನಾನು ಆಗಲೇ ಓಗೊಟ್ಟಿದ್ದೆ. "ಹೂಂನವ್ವಾ, ಬಂದೀನಿ."

ಅತ್ತೆ ಹೊರಗೆ ಬಂದಳು. ನನ್ನನ್ನು ಕೂರಿಸಿದಳು. ಅಂಗಳದಾಚೆ ನಿಂತ ಕಾಕಾನ ಮೇಲೆ ಅವಳ ಕಣ್ಣು ಬಿತ್ತು. "ಅವರ್‍ಯಾರ್ರಿ?"

ಯಾರು ಯಾರಿಗೆ ಏನಾಗಬೇಕೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಮನುಷ್ಯ, ತಾವು ಯಾರೆಂದು ಹೇಳಲಾರದೆ ಕೊಡೆ ಬಿಚ್ಚಿದರು, ಮಡಚಿದರು. ಕೊನೆಗೆ, "ನಾ... ಅಲ್ಲೆ ಮೋಟಾರ ಕಂಪನ್ಯಾಗ..." ಎಂದು ಶುರು ಮಾಡಿದರು.

"ನಮ್ಮ ಕಾಕಾ ಅದಾರ್ರಿ," ಎಂದೆ ನಾನು.

"ಖಾಸ ಕಾಕಾನ?"

"ಹೌದ್ರಿ. ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ."

ಅಷ್ಟರಲ್ಲಿ ಗೌರವ್ವ ಅವರು ಕಾಲು ತೊಳೆಯಲೆಂದು ಬಿಂದಿಗೆಯಲ್ಲಿ ನೀರು ತಂದಿಟ್ಟಳು. ಕಾಕಾ ಬಗ್ಗಿ, ಆ ನೀರಿನಲ್ಲಿ ಮುಖ ತೊಳೆದುಕೊಂಡರು.