ಸಮುದ್ರದಲ್ಲಿ ಸೊರಕಾಯಿ

ನನ್ನ ಮೈದುನ ಮೀನು ಹಿಡಿಯುವುದರಲ್ಲಿ ನಿಸ್ಸೀಮನೆಂದು ಅವನ ಊರು ಗೋನೆಗಂಡ್ಲದಲ್ಲಿ ಪ್ರತೀತಿಯಿದೆ. ಪ್ರತೀತಿಯನ್ನು ಹಬ್ಬಿಸಿದವನು ಅವನೇ. ಮೀನುಗಳನ್ನು ಯಾರೂ ವಿಚಾರಿಸಿಲ್ಲ!

ಇವನು ನನ್ನ ಹೆಂಡತಿಯ ತಮ್ಮ. ನಮ್ಮ ಮದುವೆಯ ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ ಬಡಿಸುತ್ತ ಬಂದು, ಮದುಮಗನಾದ ನನ್ನ ಎಲೆಯೊಂದನ್ನೇ ದಾಟಿ ಹೋದ ಮಹಾನುಭಾವ. ಹಿಂದಿನಿಂದ ಬಂದು ತುಪ್ಪ ಬಡಿಸಿದ್ದನೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಹೋಳಿಗೆಯಿಲ್ಲದ ತುಪ್ಪವನ್ನು ನಾನೇನು ಮಾಡಬೇಕಿತ್ತು?

ಊರ ಹತ್ತಿರದ ಜಲಾಶಯದ ದಂಡೆಯಲ್ಲಿ ಗಾಳ ಹಾಕಿ ಕುಳಿತನೆಂದರೆ ಅವನಿಗೆ ಹಸಿವು, ನೀರಡಿಕೆ, ಸಂಸಾರ ಯಾವುದೂ ನೆನಪಿರದು. ಸಂಜೆ ಖಾಲಿ ಬುಟ್ಟಿಯೊಡನೆ ಮರಳಿ, "ಇವತ್ತು ಮೀನಿಗೆ ಮೂಡ್ ಇರ್ಲಿಲ್ರಿ ಭಾವಾ" ಎನ್ನುವನು. ಬರಬರುತ್ತ ಊರವರು ಅವನನ್ನು ಕಂಡೊಡನೆ "ಏನಪಾ, ಮೂಡ್ ಹೆಂಗೈತಿ?" ಎಂದು ಕೇಳತೊಡಗಿದರು. ಅದು ಅವನಿಗೆ ಚುಚ್ಚಿತು. ಪೂರ್ವ ಕರಾವಳಿಯಲ್ಲಿ ಕಡಲಿಗಿಳಿದು ಗಾಳ ಹಾಕುವ ಸ್ಪರ್ಧೆಯಿದೆಯೆಂದು ತಿಳಿದದ್ದೇ ತಡ, "ಕಪ್ ತಂದು ಎಲ್ಲಾರ ಬಾಯಿ ಮುಚ್ಚಿಸ್ತೀನಿ" ಎಂದು ಸಾರಿದ.

ದೋಣಿಗೆ ಇಬ್ಬರು ಸ್ಪರ್ಧಿಗಳಿರಬೇಕೆಂಬುದು ನಿಯಮ. ನನ್ನನ್ನು ಹೊರಡಿಸಲು ಅವನು ಹೂಡಿದ ಉಪಾಯವನ್ನು ಕೇಳಿ: "ಭಾವಗ ನೀರಂದ್ರ ಅಂಜಿಕಿ, ಬಿಡಕ್ಕಾ." ಆದವಾನಿಯಲ್ಲಿ, ನನ್ನ ಮನೆಯಲ್ಲಿ, ನಾನು ಕುಡಿಸಿದ ಚಹಾ ಕುಡಿಯುತ್ತ ಆಡಿದ ಮಾತಿದು! ಹೋಗದೆ ಇರುವುದು ಸಾಧ್ಯವಿತ್ತೆ?

ಸ್ಪರ್ಧೆಯ ದಿನ ಆಕಾಶ ಅಟ್ಟದ ಮೇಲಿನ ಹಳೆಯ ಬೋಗುಣಿಯಂತೆ ಕಪ್ಪಿಟ್ಟಿತ್ತು. ಜಿನುಗು ಮಳೆ, ಎದುರುಗಾಳಿ. ಗಾಳ ಹಾಕಲೆಂದು ಹೋದ ನಮ್ಮನ್ನು ಗಾಳಿಯೇ ಹಿಡಿದುಕೊಂಡಿತು. ಸಂಜೆಯ ಸೈರನ್ ಕೂಗುವ ಮೊದಲು ದಡಕ್ಕೆ ಮರಳಿದ ದೋಣಿ ಸ್ಪರ್ಧೆಯಿಂದ ಹೊರಗೆ ಎಂದು ಆಯೋಜಕರು ಹೇಳಿ ಕಳಿಸಿದರು.

ದೂರದ ಕಡಲಿಗೆ ಬಂದೊಡನೆ ಮೈದುನ ಡಬ್ಬಿ ಬಿಚ್ಚಿದ. ಒಳಗೆ ಜೋಳದ ಹಿಟ್ಟಿನ ಉಂಡೆಗಳು! ದೋಣಿ ನಡೆಸುವವನು ಅವಾಕ್ಕಾಗಿ, "ಇದೇಂಟಿ ಸಾರ್?" ಎಂದು ತೆಲುಗಿನಲ್ಲಿ ಕೇಳಿದ.

"ನಮ್ ಕಡೆ ಮೀನು ಇದಕ್ಕ ಜೀವಾ ಬಿಡ್ತಾವು."

ಇಲ್ಲಿಯ ಮೀನುಗಳು ಜೀವ ಬಿಡುವುದಿರಲಿ, ಮೂಸಿಯೂ ನೋಡಲಿಲ್ಲ. ಉಂಡೆಗಳೆಲ್ಲ ಕರಗಿಹೋದ ಮೇಲೆ ದೋಣಿಯವನು ಕನಿಕರಪಟ್ಟು ಮೀನಿನ ತುಂಡೊಂದನ್ನು ಗಾಳಕ್ಕೆ ಸಿಕ್ಕಿಸಿಕೊಟ್ಟ. ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಇನ್ನೊಂದು ಸಮುದ್ರ ಏಳತೊಡಗಿತ್ತು.

ಥಟ್ಟನೆ ದಾರ ಬಿಗಿಯಿತು. ಗಾಳದ ಕೋಲು ಬಿಲ್ಲಾಯಿತು. ದೋಣಿಯವನು ಎದ್ದು ನಿಂತು, "ಸೊರ! ಸೊರ!" ಎಂದು ಕೂಗಿದ.

ಮೈದುನ ಕಣ್ಣು ಕಣ್ಣು ಬಿಟ್ಟ. "ಸಮುದ್ರದಾಗ ಸೊರಕಾಯಿ ಎಲ್ಲಿಂದ ಬಂತ್ರಿ ಭಾವಾ?"

ನಮ್ಮ ಸೀಮೆಯವರಿಗೆ ತೆಲುಗಿನ ಸೊರ ಎಂದರೆ ಸೋರೆಕಾಯಿ, ಪಲ್ಯಕ್ಕೆ ಹೆಚ್ಚುವಂಥದು. ಕಡಲಿನವರಿಗೆ ಅದು ಶಾರ್ಕ್ ಎಂದು ನಮಗೆ ಹೇಳಿದವರಾರು? ಬೂದು ಬೆನ್ನೊಂದು ಅಲೆಯ ಮೇಲೆ ಮಿಂಚಿತು. "ಅಯ್ಯಯ್ಯೋ, ಇದಕ್ಕ ಹಲ್ಲದಾವಲ್ರೀ!" ಎಂದ, ಕೋಲನ್ನು ಮಾತ್ರ ಬಿಡಲಿಲ್ಲ. ಸುತ್ತಲಿನ ದೋಣಿಗಳಲ್ಲಿ ಯಾರಿಗೂ ಅಂಗೈಯಗಲದ ಮೀನೂ ಸಿಕ್ಕಿರಲಿಲ್ಲ. ಕಪ್ ಅವನದೇ ಎಂಬುದರಲ್ಲಿ ನನಗೂ ಸಂದೇಹ ಉಳಿಯಲಿಲ್ಲ.

ಆಗಲೇ ನನ್ನ ಕಣ್ಣು ಕತ್ತಲಿಟ್ಟಿತು. ಮೈಮೇಲೆ, ದೋಣಿಯ ಮೇಲೆ ವಾಂತಿ ಮಾಡಿಕೊಂಡು ಹಲಗೆಯ ಮೇಲೆ ಒರಗಿದೆ. ಕೈಕಾಲು ತಣ್ಣಗಾದವು. ದೋಣಿಯವನು ನನ್ನನ್ನು ಮುಟ್ಟಿ ನೋಡಿ, ಈಗಲೇ ತಿರುಗಿಸುವುದು ಮೇಲು, ಆದರೆ ಕಪ್ ಹೋದಂತೆಯೇ, ಎಂದು ತೆಲುಗಿನಲ್ಲಿ ಹೇಳಿದ.

ಮೈದುನ ನನ್ನತ್ತ ನೋಡಿದ. ದಾರದತ್ತ ನೋಡಿದ. ಚಾಕು ತೆಗೆದು ದಾರ ಕೊಯ್ದುಬಿಟ್ಟ.

"ತಿರುಗಿಸಪಾ."

ದಾರಿಯಲ್ಲಿ ತನ್ನ ಮಳೆಯಂಗಿಯನ್ನು ಬಿಚ್ಚಿ ನನಗೆ ತೊಡಿಸಿದ. ನನ್ನ ಹೊಲಸಾದ ಅಂಗಿ ಅದರಡಿ ಮರೆಯಾಯಿತು. ಅವನು ಬನಿಯನ್ನಿನಲ್ಲಿ ನಡುಗುತ್ತ ಕುಳಿತ.

ದಡದಲ್ಲಿ ಆಯೋಜಕರು ಸುತ್ತುವರಿದು, ಇಷ್ಟು ಬೇಗ ಬಂದದ್ದೇಕೆಂದು ಕೇಳಿದರು. ಮೈದುನ ಸೊರದ ಸುದ್ದಿಯನ್ನೇ ಎತ್ತದೆ, "ನನಗ ವಾಂತಿ ಆತ್ರಿ. ಭಾವ ಗಟ್ಟಿ ಮನಷ್ಯಾ, ಇರೂಣು ಅಂದ್ರು. ನನ್ ಕೈಲಿ ಆಗ್ಲಿಲ್ಲ" ಎಂದ. ಯಾರೋ ಕಿಸಕ್ಕನೆ ನಕ್ಕರು.

ಇಂಥ ಸುಳ್ಳನ್ನು ಸಹಿಸುವವನೆ ನಾನು? ಪ್ರತಿಭಟಿಸಲು ಬಾಯಿ ತೆರೆದೆ.

ಅವನು ಮಳೆಯಂಗಿಯ ಗುಂಡಿಗಳನ್ನು ಒಂದೊಂದಾಗಿ ನನ್ನ ಕೊರಳವರೆಗೂ ಹಾಕುತ್ತ, ನನಗೊಬ್ಬನಿಗೇ ಕೇಳುವಂತೆ ಹೇಳಿದ: "ಬಾಯಿ ಮುಚ್ರಿ ಭಾವಾ. ಮತ್ತ ಬಂದೀತು."